ಸಿಗ್ನಲ್ ಫುಲ್, ನೆಟ್ ಇಲ್ಲ: ಮುಂಬೈ ಸಮ್ಮೇಳನವೊಂದರ ವೈಫೈ ಪ್ರಕರಣ

ಫೋನಿನಲ್ಲಿ ವೈಫೈ ಗುರುತು ಪೂರ್ತಿ ತುಂಬಿರುತ್ತದೆ. ಆದರೆ ಒಂದು ಪುಟವೂ ತೆರೆಯುವುದಿಲ್ಲ. ದೊಡ್ಡ ತಾಂತ್ರಿಕ ಸಮ್ಮೇಳನಗಳಿಗೆ ಹೋದವರಿಗೆಲ್ಲ ಇದು ಗೊತ್ತು. ಸಾವಿರಾರು ಇಂಜಿನಿಯರ್‌ಗಳು ಒಂದೆಡೆ ಸೇರಿದರೂ ನೆಟ್ ಮಾತ್ರ ಕೈಕೊಡುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಇಂಟರ್ನೆಟ್ ಲೈನ್ ಸಾಲುತ್ತಿಲ್ಲ, ಇನ್ನೂ ದೊಡ್ಡದು ತಗೋಬೇಕಿತ್ತು. ನಾನು ನೋಡಿದ ಮಟ್ಟಿಗೆ ಲೈನ್ ಕಾರಣವಾಗುವುದು ತೀರಾ ಕಡಿಮೆ. ತೊಂದರೆ ಇರುವುದು ಗಾಳಿಯಲ್ಲಿ, ಅಂದರೆ ಎಲ್ಲ ಸಾಧನಗಳೂ ಹಂಚಿಕೊಳ್ಳಬೇಕಾದ ರೇಡಿಯೋ ಸಮಯದಲ್ಲಿ. ಮುಂಬೈನ ಈ ಪ್ರಕರಣದಲ್ಲಿ ಅದು ಹಂತ ಹಂತವಾಗಿ ಬಿಚ್ಚಿಕೊಂಡಿತು. ಅದಕ್ಕೇ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಜಾಗ, ಜನ, ಸಾಮಾನು

ಮುಂಬೈನ ಪಶ್ಚಿಮ ಉಪನಗರದ ಒಂದು ದೊಡ್ಡ ಸಭಾಂಗಣ. ಎರಡು ದಿನದ ಡೆವಲಪರ್ ಸಮ್ಮೇಳನ. ಹೆಸರು ನೋಂದಾಯಿಸಿದವರು ಸುಮಾರು 1,800 ಮಂದಿ. ಒಂದು ಮುಖ್ಯ ಹಾಲ್, ಪಕ್ಕದಲ್ಲಿ ಕಾರ್ಯಾಗಾರದ ಕೋಣೆಗಳು, ಹೊರಗಿನ ಪಡಸಾಲೆಯಲ್ಲಿ ಮಳಿಗೆಗಳು, ಹಿಂದೆ ಊಟದ ಜಾಗ. ನೆಟ್‌ವರ್ಕ್ ತಂಡದ ನಮ್ಮ ಬಳಿ 42 ಆಕ್ಸೆಸ್ ಪಾಯಿಂಟ್‌ಗಳಿದ್ದವು, ಅಂದರೆ ವೈಫೈ ಸಿಗ್ನಲ್ ಬಿತ್ತರಿಸುವ ಪೆಟ್ಟಿಗೆಗಳು. ಎಲ್ಲವೂ ವೈಫೈ 6 ತಲೆಮಾರಿನವು. ಅವನ್ನು ನಡೆಸಲು ಒಂದು ಕಂಟ್ರೋಲರ್. ಹೊರಗೆ ಹೋಗಲು 1 ಜಿಬಿಪಿಎಸ್ ಫೈಬರ್. ಕಾಗದದ ಮೇಲೆ ಇದು ಧಾರಾಳವಾಗಿ ಸಾಕು.

ನೆಟ್‌ವರ್ಕ್ ನೋಡಿಕೊಂಡ ಸ್ವಯಂಸೇವಕರಲ್ಲಿ ಜಾಸ್ತಿ ಮಂದಿ ಕನ್ನಡದವರೇ. ಕಂಟ್ರೋಲರ್ ಮುಂದೆ ಕೂತವರು ಮಂಗಳೂರು ಮೂಲದವರು, ಮಾಟುಂಗದಲ್ಲಿ ಬೆಳೆದವರು. ಕೇಬಲ್ ಎಳೆಯುವ ತಂಡ ವಿಜಯಪುರದ ಕಡೆಯದು. ಪ್ರಾಯೋಜಕರ ಜೊತೆ ಮಾತಾಡುವ ಹೊಣೆ ಹೊತ್ತವರು ಡೊಂಬಿವಲಿಯಲ್ಲಿರುವ ಧಾರವಾಡದ ಮೇಡಂ. ಹೀಗಾಗಿ ಆ ಎರಡು ದಿನ ನಮ್ಮ ವಾದ, ಲೆಕ್ಕ, ಜಗಳ ಎಲ್ಲವೂ ಮೂರು ಬಗೆಯ ಕನ್ನಡದಲ್ಲಿ ನಡೆಯಿತು.

ಇನ್ನೊಂದು ಮುಖ್ಯ ಸಂಗತಿ ಮಳೆ. ಸಮ್ಮೇಳನ ನಡೆದದ್ದು ಮಳೆಗಾಲದಲ್ಲಿ. ಚಹಾ ಮತ್ತು ಮಾತುಕತೆಗೆ ಅಂಗಳದಲ್ಲಿ ಮಂಟಪ ಹಾಕುವ ಯೋಜನೆ ಇತ್ತು. ಆ ಬೆಳಗ್ಗೆ ಮಳೆ ಜೋರಾಗಿ ಮಂಟಪ ಕೈಬಿಟ್ಟರು. ಹೊರಗಿರಬೇಕಾದ ಜನರೂ ಒಳಗೇ ಬಂದು ಸೇರಿದರು. ವೈಫೈ ಯೋಜನೆ ಮಾಡುವಾಗ ಯಾವ ಜಾಗದಲ್ಲಿ ಎಷ್ಟು ಜನ ಎಂದು ಹಾಕಿದ್ದ ಲೆಕ್ಕ ಅಲ್ಲಿಗೇ ತಪ್ಪಿತು.

ದೂರು ಕೇಳುವ ರೀತಿ

ಮೊದಲ ಮುಖ್ಯ ಭಾಷಣ ಶುರುವಾಗುವ ಹೊತ್ತಿಗೆ ದೂರುಗಳು ಸುರಿಯತೊಡಗಿದವು. ವಾಟ್ಸ್ಆ್ಯಪ್ ಗುಂಪಿನಲ್ಲಿ ವೇಗ ಪರೀಕ್ಷೆಯ ಚಿತ್ರಗಳ ಮೇಲೆ ಚಿತ್ರಗಳು. ಇಲ್ಲಿ ಒಂದು ಮಾತು ಹೇಳಬೇಕು. ನೆಟ್ ನಿಧಾನ ಎಂದು ಎಲ್ಲರೂ ವೇಗ ಪರೀಕ್ಷೆ ನಡೆಸಿದರೆ, ಪ್ರತಿ ಪರೀಕ್ಷೆಯೂ ಉಳಿದ ಚೂರುಪಾರು ಸಮಯವನ್ನು ತಿಂದುಹಾಕುತ್ತದೆ. ಆ ಅಂಕಿಯಿಂದ ದೋಷ ಎಲ್ಲಿದೆ ಎನ್ನುವುದೂ ತಿಳಿಯುವುದಿಲ್ಲ.

‘ನೆಟ್ ಸ್ಲೋ’ ಎಂಬ ದೂರನ್ನು ನಾವು ಹಾಗೇ ಬರೆದುಕೊಳ್ಳಲಿಲ್ಲ. ಎಲ್ಲಿ ಕೂತಿದ್ದೀರಿ, ಯಾವ ಸಾಧನ, ಯಾವ ವೈಫೈ ಹೆಸರು, ಸೇರುವುದೇ ಇಲ್ಲವೋ ಅಥವಾ ಸೇರಿದ ಮೇಲೆ ನಿಂತಿತೋ ಎಂದು ಕೇಳಿದೆವು. ಕೆಲವೇ ನಿಮಿಷದಲ್ಲಿ ಒಂದು ಚಿತ್ರ ಮೂಡಿತು. ಬಹುತೇಕ ಎಲ್ಲರೂ ಸೇರಿದ್ದಾರೆ, ನೆಟ್‌ವರ್ಕ್ ವಿಳಾಸವೂ (ಐಪಿ) ಸಿಕ್ಕಿದೆ. ಮಾಹಿತಿ ಮಾತ್ರ ಹರಿಯುತ್ತಿಲ್ಲ. ಮುಖ್ಯ ಹಾಲ್‌ನಲ್ಲಿ ತೀರಾ ಕೆಟ್ಟದಾಗಿದೆ, ವೇದಿಕೆಯ ಮುಂದಿನ ಸಾಲುಗಳಲ್ಲಿ ಇನ್ನೂ ಕೆಟ್ಟದು. ಕಾರ್ಯಾಗಾರದ ಕೋಣೆಗಳಲ್ಲಿ ಸುಮಾರಾಗಿ ನಡೆಯುತ್ತಿದೆ.

ಮೊದಲ ಅನುಮಾನ: ಲೈನ್

ಇದನ್ನು ತಳ್ಳಿಹಾಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ರೂಟರ್‌ನಲ್ಲಿ ನೋಡಿದರೆ ಹೊರಗಿನ ಲೈನಿನ ಬಳಕೆ ಅದರ ಶಕ್ತಿಯ ಐದನೇ ಒಂದು ಭಾಗವನ್ನೂ ಮುಟ್ಟಿರಲಿಲ್ಲ. ಆಕ್ಸೆಸ್ ಪಾಯಿಂಟ್‌ಗಳ ಕೇಬಲ್‌ಗಳೆಲ್ಲ ಸೇರುವ ಸ್ವಿಚ್‌ಗೇ ಕೇಬಲ್ ಹಾಕಿ ಒಂದು ಲ್ಯಾಪ್‌ಟಾಪ್ ಜೋಡಿಸಿದರೆ ಎಲ್ಲವೂ ಸರಸರ ತೆರೆಯುತ್ತಿತ್ತು. ಹೊರಗಿನ ದಾರಿ ಖಾಲಿ ಇದೆ, ಜನರ ಮಾಹಿತಿ ಅಲ್ಲಿಯ ತನಕ ಬರುತ್ತಲೇ ಇಲ್ಲ ಎಂದಾಯಿತು. ಇಷ್ಟಾದರೂ ಸಂಘಟಕರಲ್ಲಿ ಒಬ್ಬರು ಎರಡನೇ ಲೈನ್ ತರಿಸೋಣ ಎಂದು ಫೋನ್ ಕೈಗೆತ್ತಿಕೊಂಡಿದ್ದರು. ಅವರಿಗೆ ರೂಟರ್‌ನ ಗ್ರಾಫ್ ತೋರಿಸಿದ ಮೇಲೆ ಸುಮ್ಮನಾದರು.

ಎರಡನೇ ಅನುಮಾನ: ರೇಡಾರ್

ಕಂಟ್ರೋಲರ್‌ನ ದಾಖಲೆ ತೆರೆದಾಗ ಹಿಂದಿನ ಸಂಜೆಯ ಕೆಲವು ಸಾಲುಗಳು ಕಂಡವು. ರೇಡಾರ್ ಪತ್ತೆಯಾಗಿದೆ, ಚಾನೆಲ್ ಬದಲಾಯಿಸಲಾಗಿದೆ ಎಂದು ಬರೆದಿತ್ತು. ಚಾನೆಲ್ ಎಂದರೆ ವೈಫೈ ಮಾತಾಡುವ ರೇಡಿಯೋ ಪಟ್ಟಿಯ ಒಂದು ತುಂಡು.

“ರಾತ್ರಿ ರೇಡಾರ್ ಬಂದದ್ದು ಮಾರಾಯ್ರೆ,” ಎಂದರು ನಮ್ಮ ಮಂಗಳೂರಿನವರು. “ಅದಕ್ಕೇ ಸಾಮಾನು ಕೊಟ್ಟವರು ಡಿಎಫ್‌ಎಸ್ ತೆಗೆದದ್ದು.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಪ್ರಕರಣದ ಕೀಲಿ ಇರುವುದೇ ಇಲ್ಲಿ.

ವೈಫೈ ಬಳಸುವ 5 ಗಿಗಾಹರ್ಟ್ಸ್ ಪಟ್ಟಿಯ ಒಂದು ಭಾಗವನ್ನು ರೇಡಾರ್‌ಗಳೂ ಬಳಸುತ್ತವೆ. ರೇಡಾರ್‌ಗೆ ಅಡ್ಡಿಯಾಗಬಾರದು ಎಂದು ಆಕ್ಸೆಸ್ ಪಾಯಿಂಟ್‌ಗಳಲ್ಲಿ ಡಿಎಫ್‌ಎಸ್ ಎಂಬ ವ್ಯವಸ್ಥೆ ಇರುತ್ತದೆ. 52ರಿಂದ 64 ಮತ್ತು 100ರಿಂದ 144ರ ತನಕದ ಚಾನೆಲ್‌ಗಳಿಗೆ ಇದು ಅನ್ವಯ. ಅಂಥ ಚಾನೆಲ್ ಹಿಡಿಯುವ ಮೊದಲು ಆಕ್ಸೆಸ್ ಪಾಯಿಂಟ್ ಕನಿಷ್ಠ 60 ಸೆಕೆಂಡು ಸುಮ್ನೆ ಕಿವಿಗೊಟ್ಟು ಕೇಳಬೇಕು. ಕೆಲಸದ ನಡುವೆ ರೇಡಾರ್ ಸದ್ದು ಕೇಳಿದರೆ 10 ಸೆಕೆಂಡಿನೊಳಗೆ ಆ ಚಾನೆಲ್ ಬಿಡಬೇಕು. ಮುಂದಿನ 30 ನಿಮಿಷ ಅತ್ತ ತಲೆ ಹಾಕುವಂತಿಲ್ಲ.

ಮುಂಬೈನಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಹವಾಮಾನ ಇಲಾಖೆಯ ಕೊಲಾಬಾ ರೇಡಾರ್ ಎಸ್ ಬ್ಯಾಂಡ್ ಎಂಬ ಬೇರೆ ಆವರ್ತನ ಪಟ್ಟಿಯದು, ಅದಕ್ಕೂ 5 ಗಿಗಾಹರ್ಟ್ಸ್ ವೈಫೈಗೂ ಸಂಬಂಧವಿಲ್ಲ. ಆದರೆ 2022ರಲ್ಲಿ ಶುರುವಾದ ಪಶ್ಚಿಮ ಉಪನಗರದ ವೆರಾವಲಿಯ ಡಾಪ್ಲರ್ ರೇಡಾರ್ ಸಿ ಬ್ಯಾಂಡ್‌ನದು. ಸಿ ಬ್ಯಾಂಡ್ ಹವಾಮಾನ ರೇಡಾರ್‌ಗಳು ಸಾಮಾನ್ಯವಾಗಿ 5.6 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ವೈಫೈನ 120, 124, 128ನೇ ಚಾನೆಲ್‌ಗಳು ಬೀಳುವುದು ಅಲ್ಲೇ. ಪಶ್ಚಿಮ ಉಪನಗರದಲ್ಲಿ ಕೂತವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು. ನಮ್ಮ ಆಕ್ಸೆಸ್ ಪಾಯಿಂಟ್‌ಗಳು ಕೇಳಿದ್ದು ಅದನ್ನೇ ಎಂದು ಸಾಬೀತು ಮಾಡುವ ದಾರಿ ಇರಲಿಲ್ಲ. ಇಲ್ಲದ ರೇಡಾರನ್ನು ಇದೆ ಎಂದು ಭಾವಿಸುವುದೂ ಈ ಸಾಧನಗಳಲ್ಲಿ ಸಾಮಾನ್ಯ. ಗದ್ದಲದ ಹಾಲ್‌ನಲ್ಲಿ ಅದು ಇನ್ನೂ ಜಾಸ್ತಿ.

ಆದರೆ ಈಗಿನ ತೊಂದರೆಗೆ ರೇಡಾರ್ ನೇರ ಕಾರಣವಾಗಲು ಸಾಧ್ಯವೇ ಇರಲಿಲ್ಲ. ಡಿಎಫ್‌ಎಸ್ ಚಾನೆಲ್‌ಗಳನ್ನೆಲ್ಲ ಹಿಂದಿನ ರಾತ್ರಿಯೇ ಮುಚ್ಚಿದ್ದರು. ಬೆಳಗ್ಗೆಯಿಂದ ಒಂದೂ ರೇಡಾರ್ ದಾಖಲೆ ಇರಲಿಲ್ಲ. ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ. ಡಿಎಫ್‌ಎಸ್ ಮುಚ್ಚಿದ ಮೇಲೆ ಉಳಿದದ್ದೇನು?

ಎರಡೇ ಎರಡು ಚಾನೆಲ್

ಭಾರತದಲ್ಲಿ 2018ರ ಅಕ್ಟೋಬರ್‌ನ ಅಧಿಸೂಚನೆಯಿಂದ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಟ್ಟು 605 ಮೆಗಾಹರ್ಟ್ಸ್ ಪರವಾನಗಿ ಇಲ್ಲದ ಬಳಕೆಗೆ ತೆರೆದಿದೆ. 20 ಮೆಗಾಹರ್ಟ್ಸ್ ಅಗಲದ ಚಾನೆಲ್ ಹಾಕಿದರೆ ಅದರಲ್ಲಿ 36ರಿಂದ 165ರ ತನಕ 25 ಚಾನೆಲ್ ಸಿಗುತ್ತವೆ. 80 ಮೆಗಾಹರ್ಟ್ಸ್ ಅಗಲ ಇಟ್ಟರೆ ಸಿಗುವುದು ಆರು. ಅದರಲ್ಲೂ ಡಿಎಫ್‌ಎಸ್ ತೆಗೆದರೆ ಉಳಿಯುವುದು ಎರಡೇ: 36ರಿಂದ 48ರ ಒಂದು ಗುಂಪು, 149ರಿಂದ 161ರ ಇನ್ನೊಂದು ಗುಂಪು.

ಕಂಟ್ರೋಲರ್‌ನಲ್ಲಿ ಅಗಲ ನೋಡಿದೆವು. 80 ಅಂತಲೇ ಇತ್ತು. ಪೆಟ್ಟಿಗೆಯಿಂದ ಬರುವಾಗಲೇ ಇದ್ದ ಅಳತೆ, ಯಾರೂ ಮುಟ್ಟಿರಲಿಲ್ಲ. ಅಂದರೆ 42 ಆಕ್ಸೆಸ್ ಪಾಯಿಂಟ್‌ಗಳೂ ಎರಡೇ ಚಾನೆಲ್ ಹಂಚಿಕೊಂಡು ಕೂತಿದ್ದವು. ಒಂದೊಂದರ ಮೇಲೆ ಇಪ್ಪತ್ತರ ಆಜುಬಾಜು.

ವೈಫೈ ಮಾತಾಡುವ ರೀತಿ ಒಂದೇ ಮೈಕ್ ಇರುವ ಸಭೆಯ ಹಾಗೆ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ಆಕ್ಸೆಸ್ ಪಾಯಿಂಟ್ ಬೇರೆ ಬೇರೆ ಆದರೂ ಚಾನೆಲ್ ಒಂದೇ ಆಗಿ, ಒಬ್ಬರ ದನಿ ಒಬ್ಬರಿಗೆ ಕೇಳುತ್ತಿದ್ದರೆ ಸರದಿಯೂ ಒಂದೇ. ನಮ್ಮ ಹಾಲ್‌ನ ಛಾವಣಿ ಎತ್ತರ, ನಡುವೆ ಗೋಡೆ ಇಲ್ಲ. ಆಕ್ಸೆಸ್ ಪಾಯಿಂಟ್‌ಗಳನ್ನು ಮೇಲಿನ ಕಬ್ಬಿಣದ ತೊಲೆಗೆ ಕಟ್ಟಿದ್ದರು. ಅಲ್ಲಿಂದ ಪ್ರತಿಯೊಂದಕ್ಕೂ ಉಳಿದೆಲ್ಲವೂ ಚೆನ್ನಾಗಿ ಕೇಳುತ್ತಿತ್ತು. ಇದರ ಮೇಲೆ ಪ್ರಸಾರ ಶಕ್ತಿ ಪೂರ್ತಿ ಇಟ್ಟಿದ್ದರು. ಅದಕ್ಕೇ ಎಲ್ಲರ ಫೋನಿನಲ್ಲೂ ಸಿಗ್ನಲ್ ಫುಲ್. ಆಕ್ಸೆಸ್ ಪಾಯಿಂಟ್‌ನ ದನಿ ಫೋನಿಗೆ ಚೆನ್ನಾಗಿ ಕೇಳಿಸುತ್ತದೆ ಎಂಬುದಷ್ಟೇ ಆ ಗುರುತಿನ ಅರ್ಥ. ಫೋನಿಗೆ ಮಾತಾಡಲು ಸರದಿ ಸಿಗುತ್ತದೆಯೇ ಎಂದು ಅದು ಹೇಳುವುದಿಲ್ಲ.

ಇದನ್ನು ಅಳೆದು ನೋಡಬೇಕಿತ್ತು. ಲಿನಕ್ಸ್ ಲ್ಯಾಪ್‌ಟಾಪ್‌ನ ವೈಫೈ ಕಾರ್ಡನ್ನು ಸುತ್ತಲಿನ ಎಲ್ಲ ವೈಫೈ ಮಾತನ್ನೂ ಕೇಳುವ ಮಾನಿಟರ್ ಮೋಡ್‌ಗೆ ಹಾಕಿ, ವೈರ್‌ಶಾರ್ಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಗಾಳಿಯ ಮಾತನ್ನು ಹಿಡಿದೆವು. ಅನೇಕ ಆಕ್ಸೆಸ್ ಪಾಯಿಂಟ್‌ಗಳು ತಮ್ಮ ಬೀಕನ್‌ನಲ್ಲೇ, ಅಂದರೆ ತಮ್ಮ ವೈಫೈ ಹೆಸರನ್ನು ಸಾರುವ ಚಿಕ್ಕ ಸಂದೇಶದಲ್ಲೇ, ಚಾನೆಲ್ ಎಷ್ಟು ತುಂಬಿದೆ ಎಂದು 0ಯಿಂದ 255ರ ಅಳತೆಯಲ್ಲಿ ಹೇಳಿಕೊಳ್ಳುತ್ತವೆ. ಹಾಲ್‌ನಲ್ಲಿ ಆ ಅಂಕಿ 220 ದಾಟಿ ಓಡಾಡುತ್ತಿತ್ತು. ಅಂದರೆ ನೂರಕ್ಕೆ 85ಕ್ಕೂ ಜಾಸ್ತಿ ಹೊತ್ತು ಚಾನೆಲ್ ತುಂಬಿದೆ. ಕಳುಹಿಸಿದ್ದನ್ನೇ ಮತ್ತೆ ಕಳುಹಿಸುವ ಪ್ರಮಾಣವೂ ವಿಪರೀತ. ಹಾಲ್‌ನ ಒಂದು ತುದಿಯ ಫೋನಿಗೆ ಇನ್ನೊಂದು ತುದಿಯ ಫೋನ್ ಕೇಳುವುದಿಲ್ಲ. ಇಬ್ಬರೂ ಖಾಲಿ ಎಂದುಕೊಂಡು ಒಟ್ಟಿಗೆ ಮಾತಾಡುತ್ತಾರೆ, ಎರಡೂ ಕೆಡುತ್ತವೆ, ಮತ್ತೆ ಶುರು.

2.4ರ ಕಥೆ ಬೇರೆಯೇ

5 ಗಿಗಾಹರ್ಟ್ಸ್ ಕೆಟ್ಟಾಗ ಎಷ್ಟೋ ಫೋನ್‌ಗಳು 2.4 ಗಿಗಾಹರ್ಟ್ಸ್ ಪಟ್ಟಿಗೆ ಇಳಿಯುತ್ತವೆ. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ನಮ್ಮ 42 ಆಕ್ಸೆಸ್ ಪಾಯಿಂಟ್‌ಗಳೂ ಈ ಮೂರರ ಮೇಲೆ ಮಾತಾಡುತ್ತಿದ್ದವು. ಸಾಲದ್ದಕ್ಕೆ ಪ್ರತಿಯೊಂದೂ ಐದು ವೈಫೈ ಹೆಸರು ಸಾರುತ್ತಿತ್ತು. ಪ್ರತಿನಿಧಿಗಳಿಗೊಂದು, ಭಾಷಣಕಾರರಿಗೊಂದು, ಸಿಬ್ಬಂದಿಗೊಂದು, ಪತ್ರಕರ್ತರಿಗೊಂದು, ಪ್ರಾಯೋಜಕರ ಹೆಸರಿನದೊಂದು.

ಇದರ ಬೆಲೆ ಲೆಕ್ಕ ಹಾಕಿ ನೋಡಿ. ಪ್ರತಿ ಹೆಸರಿಗೂ 102.4 ಮಿಲಿಸೆಕೆಂಡಿಗೊಮ್ಮೆ ಒಂದು ಬೀಕನ್ ಹೋಗುತ್ತದೆ. ಬೀಕನ್ ಸುಮಾರು 300 ಬೈಟ್ ಎಂದುಕೊಳ್ಳಿ. ಹಳೆಯ ಸಾಧನಕ್ಕೂ ತಿಳಿಯಲಿ ಎಂದು ಅದು ಹೋಗುವುದು 1 ಎಂಬಿಪಿಎಸ್ ವೇಗದಲ್ಲಿ. ಒಂದಕ್ಕೆ ಹಿಡಿಯುವ ಹೊತ್ತು ಸುಮಾರು 2.6 ಮಿಲಿಸೆಕೆಂಡ್. ಐದು ಹೆಸರಿಗೆ 13. ಒಂದೇ ಚಾನೆಲ್‌ನಲ್ಲಿ ಐದು ಆಕ್ಸೆಸ್ ಪಾಯಿಂಟ್ ಕೇಳಿಸಿದರೆ 65. ಅಂದರೆ ಯಾರೂ ಏನೂ ನೋಡದಿದ್ದರೂ ನೂರಕ್ಕೆ 60ಕ್ಕೂ ಜಾಸ್ತಿ ಸಮಯ ಬರೀ ಹೆಸರು ಕೂಗುವುದಕ್ಕೇ ಹೋಯಿತು! ನಮ್ಮ ಹಾಲ್‌ನಲ್ಲಿ ಐದಕ್ಕಿಂತ ಜಾಸ್ತಿಯೇ ಕೇಳುತ್ತಿದ್ದವು.

ಆದರೂ ವೇದಿಕೆಯ ಮುಂದೆ 2.4 ಇಷ್ಟು ಕೆಟ್ಟದ್ದಕ್ಕೆ ಈ ಲೆಕ್ಕ ಪೂರ್ತಿ ಉತ್ತರ ಕೊಡಲಿಲ್ಲ. ಅಲ್ಲಿ ಚಾನೆಲ್ ತುಂಬಿದೆ ಎನ್ನುತ್ತದೆ, ಆದರೆ ನಾವು ಹಿಡಿದ ವೈಫೈ ಮಾತು ಅಷ್ಟಿಲ್ಲ. ವೈಫೈ ಅಲ್ಲದ ಏನೋ ಒಂದು ಅಲ್ಲಿ ಕೂಗುತ್ತಿದೆ ಎಂದರ್ಥ. ಉತ್ತರ ಕೊಟ್ಟದ್ದು ವಿಜಯಪುರದ ಕೇಬಲ್ ತಂಡದ ಹಿರಿಯರು.

“ಸಾಹೇಬ್ರ, ಸ್ಟೇಜ್ ಲೈಟಿಗೆ ಈ ಸಲ ಕಂಟ್ರೋಲ್ ವೈರ್ ಎಳದಿಲ್ರಿ. ಆ ಮೂಲ್ಯಾಗ ಕರೀ ಡಬ್ಬಿ ಐತಲ್ಲ, ಅದರಿಂದನ ಲೈಟ್ ಕುಣಸ್ತಾರ.”

ಅದು ವೈರ್‌ಲೆಸ್ ಡಿಎಂಎಕ್ಸ್. ವೇದಿಕೆಯ ದೀಪಗಳಿಗೆ ಆದೇಶ ಕಳುಹಿಸುವ ಸಾಧನ. ಇಂಥವು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ, ಪಟ್ಟಿಯ ಉದ್ದಕ್ಕೂ ಹಾರಾಡುತ್ತವೆ. ವೈಫೈ ಹಿಡಿಯುವ ಸಾಫ್ಟ್‌ವೇರ್‌ಗೆ ಅವು ಕಾಣುವುದಿಲ್ಲ. ಗಾಳಿಯ ಎಲ್ಲ ರೇಡಿಯೋ ಸಂಕೇತಗಳನ್ನೂ ತೋರಿಸುವ ದುಬಾರಿ ಸ್ಪೆಕ್ಟ್ರಮ್ ಅನಲೈಸರ್ ಇದ್ದಿದ್ದರೆ ಕಾಣುತ್ತಿತ್ತು, ನಮ್ಮಲ್ಲಿ ಅದಿರಲಿಲ್ಲ. ವೈರ್ ಎಲ್ಲಿ ಎಳೆದಿದೆ, ಎಲ್ಲಿ ಎಳೆದಿಲ್ಲ ಎಂದು ಕೈಯಾರೆ ಬಲ್ಲ ಮನುಷ್ಯ ಇದ್ದರು. ಸಮ್ಮೇಳನದ ನೆಟ್‌ವರ್ಕ್ ತಂಡದ ಸಭೆಗೆ ಕೇಬಲ್‌ನವರನ್ನೂ ಲೈಟಿನವರನ್ನೂ ಮೊದಲ ದಿನದಿಂದ ಕೂರಿಸಿಕೊಳ್ಳಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಇನ್ನೊಂದು ಸುಳಿಯೂ ತಿರುಗುತ್ತಿತ್ತು. ಹಾಲ್ ವೈಫೈ ಕೆಟ್ಟಿತೆಂದು ಜನ ತಮ್ಮ ಫೋನಿನ ಹಾಟ್‌ಸ್ಪಾಟ್ ಹಚ್ಚುತ್ತಿದ್ದರು. ಪ್ರತಿ ಹಾಟ್‌ಸ್ಪಾಟೂ ಅದೇ ಗಾಳಿಯಲ್ಲಿ ಒಂದು ಹೊಸ ಆಕ್ಸೆಸ್ ಪಾಯಿಂಟ್. ಕೆಟ್ಟಷ್ಟೂ ಹಾಟ್‌ಸ್ಪಾಟ್, ಹಾಟ್‌ಸ್ಪಾಟ್ ಆದಷ್ಟೂ ಇನ್ನೂ ಕೆಡುತ್ತದೆ.

ಊಟದ ಬಿಡುವಿನ ಕೆಲಸ

ಜನ ಹಾಲ್‌ನಲ್ಲಿ ಇರುವಾಗ ಚಾನೆಲ್ ಬದಲಿಸಿದರೆ ಇದ್ದಬದ್ದ ಸಂಪರ್ಕವೂ ಹೋಗುತ್ತದೆ. ಹಾಗಾಗಿ ಊಟದ ಬಿಡುವಿಗೆ ಕಾದೆವು.

ಮೊದಲು ಚಾನೆಲ್ ಅಗಲವನ್ನು 20ಕ್ಕೆ ಇಳಿಸಬೇಕು ಎಂದಾಗ ಸಭಾಂಗಣದ ಐಟಿ ಮುಖ್ಯಸ್ಥರು ಒಪ್ಪಲಿಲ್ಲ. ಹೊಸ ವೈಫೈ 6 ತಂದು ಅದನ್ನು ನಿಧಾನ ಮಾಡುವುದೇ ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾದದ್ದೇ. ಎರಡು ಆಂಟೆನಾದ ಒಂದು ಫೋನ್ 80 ಮೆಗಾಹರ್ಟ್ಸ್‌ನಲ್ಲಿ ಹೆಚ್ಚೆಂದರೆ 1201 ಎಂಬಿಪಿಎಸ್ ವೇಗಕ್ಕೆ ಹೋಗಬಲ್ಲದು. 20 ಮೆಗಾಹರ್ಟ್ಸ್‌ನಲ್ಲಿ ಅದು 286ಕ್ಕೆ ಇಳಿಯುತ್ತದೆ. ಆದರೆ ಮೊದಲಿನ ಲೆಕ್ಕದಲ್ಲಿ ಇಡೀ ಹಾಲ್ ಬಳಸುತ್ತಿದ್ದದ್ದು ಎರಡು ಚಾನೆಲ್, ಅಂದರೆ 160 ಮೆಗಾಹರ್ಟ್ಸ್. ಹೊಸ ಲೆಕ್ಕದಲ್ಲಿ 20 ಚಾನೆಲ್, ಅಂದರೆ 400 ಮೆಗಾಹರ್ಟ್ಸ್. ಒಬ್ಬರಿಗೆ ಸಿಗಬಹುದಾದ ಗರಿಷ್ಠ ವೇಗ ಇಳಿಯಿತು, ಎಲ್ಲರಿಗೂ ಸೇರಿ ಸಿಗುವುದು ಎರಡೂವರೆ ಪಟ್ಟು ಆಯಿತು. ಸಾವಿರಾರು ಜನರ ಹಾಲ್‌ನಲ್ಲಿ ಒಬ್ಬರ ಗರಿಷ್ಠ ವೇಗ ಯಾರಿಗೆ ಬೇಕು? ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅವರು ಒಪ್ಪಿದರು.

ಆ 20 ಚಾನೆಲ್ ಬಂದದ್ದು ಹೀಗೆ. ಡಿಎಫ್‌ಎಸ್ ಮತ್ತೆ ತೆರೆದೆವು. ಆದರೆ ಹವಾಮಾನ ರೇಡಾರ್ ಇರಬಹುದಾದ 120, 124, 128 ಬಿಟ್ಟೆವು. ಪಕ್ಕದ 116ನ್ನೂ ಮುನ್ನೆಚ್ಚರಿಕೆಗೆ ಬಿಟ್ಟೆವು. 144 ಎಷ್ಟೋ ಹಳೆಯ ಸಾಧನಗಳಿಗೆ ಕಾಣುವುದಿಲ್ಲ, ಅದನ್ನೂ ಬಿಟ್ಟೆವು. 36ರಿಂದ 64ರ ತನಕ ಎಂಟು, 100ರಿಂದ 112ರ ತನಕ ನಾಲ್ಕು, 132ರಿಂದ 140ರ ತನಕ ಮೂರು, 149ರಿಂದ 165ರ ತನಕ ಐದು. ಮುಖ್ಯ ಹಾಲ್‌ನಲ್ಲಿದ್ದ 16 ಆಕ್ಸೆಸ್ ಪಾಯಿಂಟ್‌ಗಳಿಗೆ ಒಂದೊಂದಕ್ಕೆ ಒಂದೊಂದು ಚಾನೆಲ್ ಕೈಯಿಂದಲೇ ಹಂಚಿದೆವು. ಕಂಟ್ರೋಲರ್ ತಾನೇ ಹಂಚುವ ವ್ಯವಸ್ಥೆಯನ್ನು ಆ ಹಾಲ್‌ಗೆ ಬಂದ್ ಮಾಡಿದೆವು. ಭಾಷಣದ ನಡುವೆ ಅದು ಚಾನೆಲ್ ಬದಲಿಸುವುದು ಬೇಡವಾಗಿತ್ತು.

ಪ್ರಸಾರ ಶಕ್ತಿಯನ್ನು 12 ಡಿಬಿಎಂಗೆ (ರೇಡಿಯೋ ಶಕ್ತಿಯ ಅಳತೆ) ಇಳಿಸಿದೆವು. ಆಕ್ಸೆಸ್ ಪಾಯಿಂಟ್ ಜೋರಾಗಿ ಕೂಗಿ ಏನು ಪ್ರಯೋಜನ? ಫೋನಿನ ದನಿ ಅಷ್ಟು ಜೋರಿಲ್ಲ. ಉತ್ತರ ವಾಪಸು ಮುಟ್ಟದಿದ್ದರೆ ಸಂಪರ್ಕ ಆಗುವುದೇ ಇಲ್ಲ.

ವಿಜಯಪುರದ ತಂಡ ಆ ಬಿಡುವಿನಲ್ಲಿ ಮಾಡಿದ ಕೆಲಸವನ್ನು ನಾನು ಮರೆಯುವುದಿಲ್ಲ. ಕೇಬಲ್ ಉದ್ದ ಸಾಲುವ ಕಡೆಯೆಲ್ಲ ಆಕ್ಸೆಸ್ ಪಾಯಿಂಟ್‌ಗಳನ್ನು ತೊಲೆಯಿಂದ ಬಿಚ್ಚಿ, ಕೆಳಗೆ ಕಂಬಗಳಿಗೆ ಕುರ್ಚಿಯ ಎತ್ತರದಲ್ಲಿ ಕಟ್ಟಿದರು. ಮನುಷ್ಯರ ಮೈಯಲ್ಲಿ ನೀರಿನ ಅಂಶ ಜಾಸ್ತಿ, ಅದು ರೇಡಿಯೋ ಅಲೆಯನ್ನು ಹೀರುತ್ತದೆ. ಛಾವಣಿಯಲ್ಲಿದ್ದಾಗ ಗೋಡೆ ಇರಲಿಲ್ಲ. ಕೆಳಗೆ ಬಂದಾಗ ಕೂತ ಜನರೇ ಗೋಡೆಯಾದರು. ದೂರದ ಆಕ್ಸೆಸ್ ಪಾಯಿಂಟ್ ಕೇಳುವುದು ಕಡಿಮೆಯಾಯಿತು, ಹತ್ತಿರದ್ದು ಹತ್ತಿರದವರಿಗೆ ಸಿಕ್ಕಿತು. ದೊಡ್ಡ ಕ್ರೀಡಾಂಗಣಗಳಲ್ಲಿ ಸೀಟಿನ ಕೆಳಗೆ ಆಕ್ಸೆಸ್ ಪಾಯಿಂಟ್ ಇಡುವುದೂ ಇದೇ ಕಾರಣಕ್ಕೆ.

2.4 ಗಿಗಾಹರ್ಟ್ಸ್‌ನ್ನು ಮುಖ್ಯ ಹಾಲ್‌ನಲ್ಲಿ ಪೂರ್ತಿ ಬಂದ್ ಮಾಡಿದೆವು. ಎಲ್ಲ ಕಡೆ ಬಂದ್ ಮಾಡುವಂತಿರಲಿಲ್ಲ. ಒಂದು ಕಾರ್ಯಾಗಾರದಲ್ಲಿ ಇಎಸ್‌ಪಿ32 ಎಂಬ ಚಿಕ್ಕ ವೈಫೈ ಎಲೆಕ್ಟ್ರಾನಿಕ್ ಬೋರ್ಡ್‌ಗಳ ಪಾಠ ಇತ್ತು. ಅಲ್ಲಿ ಹಂಚಿದ ಬೋರ್ಡ್‌ಗಳಿಗೆ 2.4 ಬಿಟ್ಟು ಬೇರೆ ಗೊತ್ತಿಲ್ಲ. ಆ ಕೋಣೆಯಲ್ಲೂ ಮಳಿಗೆಗಳ ಕೆಲವು ಕಡೆಯೂ ಉಳಿಸಿದೆವು. ಆದರೆ 1, 2, 5.5, 11 ಎಂಬ ಹಳೆಯ ವೇಗಗಳನ್ನು ತೆಗೆದು, ಕನಿಷ್ಠ ವೇಗ 12 ಎಂಬಿಪಿಎಸ್ ಮಾಡಿದೆವು. ಅದೇ 300 ಬೈಟ್ ಬೀಕನ್ ಈಗ ಮಿಲಿಸೆಕೆಂಡಿನ ಕಾಲು ಭಾಗದೊಳಗೆ ಮುಗಿಯುತ್ತದೆ.

ಉಳಿದದ್ದು ಐದು ಹೆಸರು. ಎರಡಕ್ಕೆ ಇಳಿಸಬೇಕಿತ್ತು. ಪ್ರಾಯೋಜಕರ ಹೆಸರಿನ ವೈಫೈ ಒಪ್ಪಂದದಲ್ಲೇ ಇತ್ತು, ತೆಗೆಯುವಂತಿಲ್ಲ. ಧಾರವಾಡದ ಮೇಡಂ ಒಂದು ದಾರಿ ಹೇಳಿದರು: “ಅದನ್ನ ತಗಿಯೂದ್ಯಾಕ್ರಿ? ಎಲ್ಲಾರೂ ಬಳಸೋ ಮುಖ್ಯ ವೈಫೈಗೇ ಅವರ ಹೆಸರು ಇಡ್ರಿ.” ಪ್ರಾಯೋಜಕರಿಗೆ ಕೇಳಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು, ಖುಷಿಯಿಂದ ಒಪ್ಪಿದರು. ಸಿಬ್ಬಂದಿಗೆ ಇನ್ನೊಂದು ಹೆಸರು. ಭಾಷಣಕಾರರಿಗೆ ವೇದಿಕೆಯ ಮೇಲೆ ಕೇಬಲ್ ಎಳೆದೆವು. ನೇರ ಡೆಮೊ ಕೊಡುವವರನ್ನು ವೈಫೈ ಮೇಲೆ ಬಿಡುವುದು ಅವರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹಾಟ್‌ಸ್ಪಾಟ್ ಆರಿಸಿ ಎಂದು ವೇದಿಕೆಯಿಂದ ಕಾರಣ ಸಮೇತ ಹೇಳಿಸಿದೆವು. ಕಾರಣ ಹೇಳಿದರೆ ಇಂಜಿನಿಯರ್‌ಗಳು ಕೇಳುತ್ತಾರೆ.

ಗಾಳಿ ಸರಿಹೋಯಿತು, ವಿಳಾಸ ಮುಗಿಯಿತು

ಮಧ್ಯಾಹ್ನದ ಮೊದಲ ಭಾಷಣದಲ್ಲಿ ಚಾನೆಲ್ ಬಳಕೆಯ ಅಂಕಿ 255ಕ್ಕೆ ನೂರರ ಸುತ್ತ ನಿಂತಿತು. ಸೇರಿದವರಿಗೆಲ್ಲ ಪುಟ ತೆರೆಯತೊಡಗಿತು. ಆದರೆ ಬೇರೊಂದು ದೂರು ಶುರುವಾಯಿತು. ‘ವಿಳಾಸ ಪಡೆಯಲಾಗುತ್ತಿದೆ’ ಎಂದು ಫೋನ್ ತಿರುಗುತ್ತಲೇ ಇದೆ, ಸೇರುತ್ತಲೇ ಇಲ್ಲ.

ಇದು ಬೇರೆ ಪದರದ ದೋಷ, ಕಾರಣವೂ ಬೇಗ ಸಿಕ್ಕಿತು. ಐದೂ ಹೆಸರುಗಳ ಹಿಂದೆ ಇದ್ದದ್ದು ಒಂದೇ ಜಾಲ, 10.20.0.0/22. ಕೊನೆಯ /22 ಜಾಲದ ಗಾತ್ರ ಹೇಳುತ್ತದೆ; ಆ ಅಂಕಿ ಚಿಕ್ಕದಾದಷ್ಟೂ ಜಾಲ ದೊಡ್ಡದು. ಅದರಲ್ಲಿ ಸಾಧನಗಳಿಗೆ ಕೊಡಬಹುದಾದ ವಿಳಾಸ ಹೆಚ್ಚೆಂದರೆ 1,021. ಜನ 1,800, ಒಬ್ಬೊಬ್ಬರ ಬಳಿ ಫೋನ್ ಮತ್ತು ಲ್ಯಾಪ್‌ಟಾಪ್. ಬೆಳಗ್ಗೆ ಇದು ಯಾಕೆ ಕಾಣಲಿಲ್ಲ? ಗಾಳಿ ಕೆಟ್ಟಿದ್ದರಿಂದ ಅರ್ಧ ಜನ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹೋಗಿದ್ದರು. ಗಾಳಿ ಸರಿಯಾದದ್ದೇ ಎಲ್ಲರೂ ವಾಪಸು ಬಂದರು.

ಇದರ ಜೊತೆ ಇನ್ನೊಂದು ಸೇರಿಕೊಂಡಿತು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ, ಅಂದರೆ ಸಾಧನದ ಗುರುತಿನ ಸಂಖ್ಯೆ, ಸಾಮಾನ್ಯವಾಗಿ ತೋರಿಸುವುದಿಲ್ಲ. ಪ್ರತಿ ವೈಫೈ ಹೆಸರಿಗೂ ಒಂದು ಹೊಸ ಮ್ಯಾಕ್ ವಿಳಾಸ ಹುಟ್ಟಿಸುತ್ತವೆ. ಗೌಪ್ಯತೆಗೆ ಅದು ಒಳ್ಳೆಯದೇ. ಆದರೆ ಬೆಳಗ್ಗೆ ಒಂದು ಹೆಸರು ಕೈಕೊಟ್ಟಾಗ ಇನ್ನೊಂದಕ್ಕೆ ಹಾರಿದ ಫೋನ್, ಐಪಿ ವಿಳಾಸ ಹಂಚುವ ನಮ್ಮ ಡಿಎಚ್‌ಸಿಪಿ ಸರ್ವರ್‌ಗೆ ಹೊಸ ಫೋನಾಗಿ ಕಂಡಿತು. ಒಂದೇ ಫೋನ್ ಎರಡು ಮೂರು ವಿಳಾಸ ಹಿಡಿದು ಕೂತಿತ್ತು. ಒಮ್ಮೆ ಕೊಟ್ಟ ವಿಳಾಸ ಅದರ ಬಳಿಯೇ ಉಳಿಯುವ ಲೀಸ್ ಅವಧಿ 24 ಗಂಟೆ.

ಲೀಸನ್ನು ಒಂದು ಗಂಟೆಗೆ ಇಳಿಸಿದೆವು. ಆದರೆ ಈಗಾಗಲೇ 24 ಗಂಟೆಯ ಲೀಸ್ ಪಡೆದವರು ಅರ್ಧ ಅವಧಿ ಮುಗಿಯುವ ತನಕ ಮತ್ತೆ ಕೇಳಲು ಬರುವುದಿಲ್ಲ. ಹಾಗಾಗಿ ಅದರಿಂದ ತಕ್ಷಣ ಉಪಯೋಗವಿಲ್ಲ. ಇದ್ದ ಲೀಸ್‌ಗಳನ್ನು ಅಳಿಸಿದರೆ ಒಂದೇ ವಿಳಾಸ ಇಬ್ಬರ ಬಳಿ ಇರುವ ಅಪಾಯ. ಜಾಗ ದೊಡ್ಡದು ಮಾಡುವುದೊಂದೇ ಉಪಾಯ. /22 ಇದ್ದದ್ದನ್ನು /20 ಮಾಡಿದೆವು, 4,093 ವಿಳಾಸ ಸಿಕ್ಕಿತು. ಹಳೆಯ ಅಳತೆಯನ್ನೇ ಹಿಡಿದ ಫೋನ್‌ಗಳಿಗೆ ಹೊಸ ವಿಳಾಸಗಳು ಹೊರಗಿನವು ಎಂದು ಕಾಣುತ್ತವೆ, ಜಾಲದ ಹೊರಬಾಗಿಲಾದ ಗೇಟ್‌ವೇ ಕಡೆ ಕಳುಹಿಸುತ್ತವೆ. ಅದರಿಂದ ತೊಂದರೆಯಿಲ್ಲ. ಸಾಧನ ಸಾಧನದ ನಡುವಿನ ಮಾತನ್ನು ಹೇಗೂ ತಡೆದಿದ್ದೆವು. ಎಲ್ಲರಿಗೂ ಒಟ್ಟಿಗೆ ಹೋಗುವ ಎಂಡಿಎನ್‌ಎಸ್ (ಸುತ್ತಲಿನ ಸಾಧನಗಳನ್ನು ಹುಡುಕುವ) ಕೂಗನ್ನೂ ಕಂಟ್ರೋಲರ್‌ನಲ್ಲೇ ನಿಲ್ಲಿಸಿದೆವು. ಇಲ್ಲದಿದ್ದರೆ ಇಷ್ಟು ದೊಡ್ಡ ಜಾಲದಲ್ಲಿ ಅದೇ ಗಾಳಿಯನ್ನು ಮತ್ತೆ ತುಂಬಿಸುತ್ತಿತ್ತು.

ಎರಡನೇ ದಿನ

ಎರಡನೇ ಬೆಳಗ್ಗೆ ಮುಖ್ಯ ಭಾಷಣ ನೆಟ್ ದೂರಿಲ್ಲದೆ ಮುಗಿಯಿತು. ಹೊರಗಿನ ಲೈನ್ ಮೊದಲ ಬಾರಿಗೆ ಅರ್ಧಕ್ಕಿಂತ ಜಾಸ್ತಿ ತುಂಬಿತು. ಅದನ್ನು ನೋಡಿ ನಮಗೆಲ್ಲ ನಿಜಕ್ಕೂ ಸಂತೋಷವಾಯಿತು. ಡಿಎಫ್‌ಎಸ್ ಚಾನೆಲ್‌ನಲ್ಲಿದ್ದ ಒಂದು ಆಕ್ಸೆಸ್ ಪಾಯಿಂಟ್ ಮಾತ್ರ ರೇಡಾರ್ ಎಂದು ಚಾನೆಲ್ ಬದಲಿಸಿತು. ಸುತ್ತಲಿನವು ಅದರ ಜನರನ್ನು ಹೊತ್ತುಕೊಂಡವು. ಅಲ್ಲಿ ಕೂತವರಿಗೆ ಗೊತ್ತೂ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೆಲವು ತಾಣಗಳು ಬಿಟ್ಟು ಬಿಟ್ಟು ತೆರೆಯತೊಡಗಿದವು. ಸಭಾಂಗಣಕ್ಕೆ ಇದ್ದದ್ದು ಒಂದೇ ಹೊರ ಐಪಿ ವಿಳಾಸ. ನಮ್ಮ ರೂಟರ್ ಪ್ರತಿ ಸಂಪರ್ಕಕ್ಕೂ ಅದರ ಒಂದು ಪೋರ್ಟ್, ಅಂದರೆ ಸಂಪರ್ಕವನ್ನು ಗುರುತಿಸುವ ಒಂದು ಸಂಖ್ಯೆ, ಹಿಡಿಯುತ್ತಿತ್ತು. ಪೋರ್ಟ್ ಇರುವುದೇ 65,535. ಮೂರು ಸಾವಿರ ಸಾಧನ ತಲಾ ಮೂವತ್ತು ಸಂಪರ್ಕ ತೆರೆದರೆ 90,000. ಲೈನ್ ಕೊಟ್ಟವರಿಂದ ಇನ್ನಷ್ಟು ವಿಳಾಸ ಪಡೆದು ಹಂಚಿದ ಮೇಲೆ ನಿಂತಿತು. ವಿಳಾಸಗಳಿಗೆ ಕೊರತೆಯಿಲ್ಲದ ಐಪಿವಿ6 ಪದ್ಧತಿ ಇದ್ದಿದ್ದರೆ ಈ ಒತ್ತಡ ತುಂಬಾ ಕಡಿಮೆ ಇರುತ್ತಿತ್ತು. ಬ್ರಸೆಲ್ಸ್‌ನ ಫಾಸ್‌ಡೆಮ್ ಸಮ್ಮೇಳನದವರು 2014ರಲ್ಲೇ ತಮ್ಮ ಮುಖ್ಯ ವೈಫೈಯನ್ನು ಐಪಿವಿ6 ಮಾತ್ರದ ಜಾಲವಾಗಿ ಮಾಡಿದ್ದರು. ನಮ್ಮ ಸಭಾಂಗಣದ ಲೈನಿನಲ್ಲಿ ಅದು ಬರುತ್ತಲೇ ಇರಲಿಲ್ಲ. ಮುಂದಿನ ಒಪ್ಪಂದದಲ್ಲಿ ಐಪಿವಿ6 ಕಡ್ಡಾಯ ಎಂದು ಬರೆಯಲು ಹೇಳಿದ್ದೇವೆ.

ಸರಿಹೋಗದೆ ಉಳಿದದ್ದು ಊಟದ ಜಾಗ. ಹಾಲ್‌ನಿಂದ ಎದ್ದು ಬಂದ ಫೋನ್‌ಗಳು ಹಾಲ್‌ನ ಆಕ್ಸೆಸ್ ಪಾಯಿಂಟ್‌ನ್ನೇ ಹಿಡಿದುಕೊಂಡು, ಗೋಡೆಯಾಚೆಯಿಂದ ತೀರಾ ನಿಧಾನ ವೇಗದಲ್ಲಿ ಮಾತಾಡುತ್ತಿದ್ದವು. ಅಲ್ಲಿ ಇನ್ನೂ ನಾಲ್ಕಾದರೂ ಆಕ್ಸೆಸ್ ಪಾಯಿಂಟ್ ಬೇಕಿತ್ತು. ಸ್ವಿಚ್ ಕೋಣೆಯಿಂದ ಆ ಜಾಗ ತಾಮ್ರದ ಕೇಬಲ್‌ನ 100 ಮೀಟರ್ ಮಿತಿ ದಾಟುತ್ತದೆ. ಫೈಬರ್ ಎಳೆದು ಅಲ್ಲೇ ಕೇಬಲ್‌ನಲ್ಲೇ ವಿದ್ಯುತ್ತನ್ನೂ ಕೊಡುವ ಒಂದು ಚಿಕ್ಕ ಪಿಒಇ ಸ್ವಿಚ್ ಇಡಬೇಕು. ಸಾಮಾನು ಬಿಚ್ಚುವ ದಿನವೇ ವಿಜಯಪುರದ ಹಿರಿಯರು ಅಡುಗೆಮನೆಯ ಗೋಡೆ ಬಳಸಿ ಹೋಗುವ ದಾರಿಯನ್ನು ಅಳೆದು ಕೊಟ್ಟರು. ಆ ಅಳತೆ ಮತ್ತು ನಮ್ಮ 20 ಚಾನೆಲ್‌ಗಳ ಪಟ್ಟಿ ಈಗ ಸಭಾಂಗಣದವರ ಬಳಿ ಇದೆ. ಫೈಬರ್‌ಗೆ ಅವರ ಒಪ್ಪಿಗೆ ಬರಬೇಕು.